ನೊಂದ ಗುಲಾಬಿಯ ಉತ್ತರ

ತನ್ನನ್ನು ಹೆಂಗಸೆಂದು ಒಪ್ಪಿಕೊಂಡಿರುವ ಸುದ್ದಿ ರಾತಿಬ್‌ಗೆ ಸಿಕ್ಕಿದ್ದು ಶುಕ್ರವಾರ ಬೆಳಿಗ್ಗೆ, ತಿಂಡಿ ಮುಗಿಸಿ, ಮೀಸೆಗೆ ಅಂಟಿದ ಆಲಿವ್ ಎಣ್ಣೆ ಒರೆಸಿಕೊಳ್ಳುತ್ತ ಕಂಪ್ಯೂಟರಿನ ಮುಂದೆ ಕೂತಾಗ. ‘ಪ್ರೀತಿಯ ನೊಂದ ಗುಲಾಬಿ, ನಮ್ಮ ಅಂಗಳಕ್ಕೆ ಬೆಳಕು ತಂದೆ. ನಿನ್ನ ಸದಸ್ಯತ್ವ ಅಂಗೀಕಾರವಾಗಿದೆ. ಇಲ್ಲಿ ಗಂಡಸರಿಗೆ ಪ್ರವೇಶವಿಲ್ಲ, ಆದ್ದರಿಂದ ಮನಸ್ಸು ಬಿಚ್ಚಿ ಮಾತಾಡು.’ ಓದಿ ಅವನ ಕಿವಿ ಬಿಸಿಯಾಯಿತು. ಪಕ್ಕದ ಅತಿಥಿ ಕೋಣೆಯಲ್ಲಿ ಹೆಂಡತಿ ಇಬ್ತಿಸಾಮ್ ಸೋಫಾದ ದಿಂಬುಗಳನ್ನು ಬಡಿದು ಧೂಳು ತೆಗೆಯುತ್ತಿದ್ದಳು. ಒಂದೊಂದು ಏಟೂ ತನ್ನ ಬೆನ್ನಿಗೇ ಬೀಳುತ್ತಿದೆ ಅನ್ನಿಸಿತು. ಆ ಹೆಸರನ್ನು ಅವನೇನೂ ಯೋಚಿಸಿ ಇಟ್ಟುಕೊಂಡದ್ದಲ್ಲ. ಮುತ್ತು, ಚಂದ್ರಿಕೆ, ಮಲ್ಲಿಗೆ ಎಲ್ಲವನ್ನೂ ಯಾರ್‍ಯಾರೋ ಮೊದಲೇ ತೆಗೆದುಕೊಂಡುಬಿಟ್ಟಿದ್ದರು. ಗುಲಾಬಿಯೂ ಹೋಗಿತ್ತು. ನೊಂದದ್ದು ಮಾತ್ರ ಉಳಿದಿತ್ತು. ಇರ್ಬಿದ್ ಪಟ್ಟಣದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ವಿಚಾರಣೆಯ ಮೇಜಿನ ಹಿಂದೆ ಅರ್ಧ ಆಯಸ್ಸು ಕಳೆದವನು, ತಲೆ ನರೆತವನು, ಪ್ರಾಧ್ಯಾಪಕರೇ ಅನುಮಾನ ಬಂದರೆ ಹುಡುಕಿಕೊಂಡು ಬರುವಂಥವನು, ಈಗ ನೊಂದ ಗುಲಾಬಿ. ಅದರ ಕೆಳಗೆ ಆಗಲೇ ಸಾಲುಸಾಲಾಗಿ ಹೆಂಗಸರು ಸ್ವಾಗತ ಕೋರಿದ್ದರು. ‘ಯಾರು ನೋಯಿಸಿದರು ನಿನ್ನ, ಕಣ್ಣೇ?’ ‘ಅತ್ತೇನಾ? ಹೇಳಿಬಿಡು, ಹಗುರಾಗುತ್ತೆ.’ ನಾಚಿಕೆಯ ನಡುವೆಯೂ ರಾತಿಬ್‌ಗೆ ಒಂದು ಸಣ್ಣ ಸುಖವಾಯಿತು. ಗ್ರಂಥಾಲಯಕ್ಕೆ ಸೇರಿದ ದಿನ ಅವನಿಗೆ ಇಷ್ಟು ಜನ ಸ್ವಾಗತ ಕೋರಿರಲಿಲ್ಲ.

‘ಹಾಲಿನ ಮೇಲಿನ ಕೆನೆ ನೋಡಿ ಹಾಲು ಕಂಡೆ ಅನ್ನಬೇಡಿ’ ಎಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳ ಮುಂದೆ ನಿಂತು ಅವನು ಹೇಳುತ್ತಿದ್ದ. ಸರ್ಚ್ ಎಂಜಿನ್ನು ಬೀದಿಯಲ್ಲಿ ನಡೆದುಹೋಗುವ ಮನುಷ್ಯ, ತೆರೆದ ಬಾಗಿಲಷ್ಟೇ ಅವನಿಗೆ ಕಾಣುತ್ತದೆ. ಬಾಗಿಲು ತಟ್ಟುವುದಕ್ಕೆ ಅವನಿಗೆ ಬರುವುದಿಲ್ಲ. ಹೆಸರು, ವರ್ಷ ತುಂಬಿದರೆ ಮಾತ್ರ ಉತ್ತರ ಕೊಡುವ ಪೆಟ್ಟಿಗೆಗಳಿವೆ. ಬರೀ ಚಿತ್ರವಾಗಿ ಉಳಿದಿರುವ ಹಳೆಯ ಪತ್ರಿಕೆಗಳಿವೆ, ಅವುಗಳ ಅಕ್ಷರ ಯಂತ್ರದ ಕಣ್ಣಿಗೆ ಅಕ್ಷರವೇ ಅಲ್ಲ. ಸತ್ತುಹೋದ ಪುಟಗಳ ನಕಲುಗಳಿವೆ. ಸದಸ್ಯರಿಗಷ್ಟೇ ತೆರೆಯುವ ಚರ್ಚಾಕೂಟಗಳಿವೆ. ಬಾವಿಗೆ ಬಿದ್ದ ಕೊಡವನ್ನು ಎತ್ತುವ ಪಾತಾಳಗರಡಿಯ ಹಾಗೆ ರಾತಿಬ್ ಅಲ್ಲೆಲ್ಲ ಇಳಿಯುತ್ತಿದ್ದ, ಏನನ್ನಾದರೂ ಕೊಕ್ಕೆಗೆ ಸಿಕ್ಕಿಸಿಕೊಂಡು ಮೇಲೆ ಬರುತ್ತಿದ್ದ. ತೊಂದರೆಯೆಂದರೆ, ಎತ್ತಿದ ಕೊಡವನ್ನು ಅವನು ಸುಮ್ಮನೆ ಬಾವಿಕಟ್ಟೆಯ ಮೇಲಿಡುವ ಜನವಲ್ಲ. ಊರವರನ್ನೆಲ್ಲ ಕರೆದು, ಇದು ಯಾರ ಕೊಡ, ಯಾವಾಗ ಬಿತ್ತು, ಬೀಳಿಸಿದವರು ಏನೆಂದು ಸುಳ್ಳು ಹೇಳಿದ್ದರು ಎಂಬುದನ್ನೂ ಹೇಳಬೇಕು. ಹಿಂದಿನ ಸಲ ಮಗಳು ರುಬಾಳನ್ನು ನೋಡಲು ಬಂದಿದ್ದ ಹುಡುಗ ಒಳ್ಳೆಯ ಕೆಲಸದಲ್ಲಿದ್ದ, ಮೃದುವಾಗಿ ಮಾತಾಡುತ್ತಿದ್ದ. ಇದೇ ಅತಿಥಿ ಕೋಣೆಯಲ್ಲಿ ಅವನ ತಾಯಿ ಕುನಾಫೆ ಸಿಹಿಯ ತಟ್ಟೆ ಕೈಗೆತ್ತಿಕೊಳ್ಳುವ ಹೊತ್ತಿಗೆ ರಾತಿಬ್ ನಗುನಗುತ್ತಲೇ, ‘ನಿಮ್ಮ ಮಗನ ಪ್ರಬಂಧದ ಮೂರನೇ ಅಧ್ಯಾಯ ಮೊರೊಕ್ಕೊದ ಒಬ್ಬರದ್ದು, ಅಲ್ವಾ? ಅವರದೂ ತುಂಬಾ ಚೆನ್ನಾಗಿದೆ’ ಎಂದಿದ್ದ. ಅವನಿಗೆ ನಿಜವಾಗಿ ಖುಷಿಯಾಗಿತ್ತು, ಅಷ್ಟು ಕಷ್ಟಪಟ್ಟು ಹುಡುಕಿದ್ದ. ಅವರು ಹೋದ ಮೇಲೆ ರುಬಾ ತನ್ನ ಕೋಣೆಯ ಬಾಗಿಲನ್ನು ಸದ್ದೇ ಆಗದ ಹಾಗೆ ಹಾಕಿಕೊಂಡಳು. ಧಡಾರನೆ ಹಾಕಿಕೊಂಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಅದಕ್ಕೇ ಈ ಸಲ ಹೊಸ ಸಂಬಂಧ ಬಂದಾಗ ಅವಳು ಮೊದಲೇ ಮಾತು ತೆಗೆದುಕೊಂಡಿದ್ದಳು. ‘ಬಾಬಾ, ಹೈತಮ್‌ನ ಹುಡುಕಬೇಡಿ. ನನ್ನಾಣೆ.’ ‘ಇಲ್ಲ ಕಣಮ್ಮ, ಅವನನ್ನ ಹುಡುಕಲ್ಲ’ ಎಂದು ರಾತಿಬ್ ಎದೆಯ ಮೇಲೆ ಕೈಯಿಟ್ಟು ಹೇಳಿದ್ದ, ಮಾತಿನಂತೆ ನಡೆದುಕೊಂಡೂ ಇದ್ದ. ಹೈತಮ್ ಎಂಬ ಹೆಸರನ್ನು ಅವನ ಬೆರಳು ಮುಟ್ಟಿರಲಿಲ್ಲ. ಆದರೆ ಆ ಹುಡುಗನ ತಾಯಿಯ ಬಗ್ಗೆ ಯಾರೂ ಆಣೆ ಹಾಕಿಸಿಕೊಂಡಿರಲಿಲ್ಲವಲ್ಲ. ಊಟ ಮಾಡುತ್ತ ರುಬಾಳೇ ಬಾಯಿತಪ್ಪಿ ಹೇಳಿದ್ದಳು, ಹೈತಮ್‌ನ ಅಮ್ಮ ಹೆಂಗಸರ ಒಂದು ಚರ್ಚಾಕೂಟದಲ್ಲಿ ದೊಡ್ಡ ಹೆಸರು, ದ್ರಾಕ್ಷಿ ಎಲೆಯ ಸುರುಳಿ ಮಾಡುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ, ಅಲ್ಲಿ ಎಲ್ಲರೂ ಆಕೆಯನ್ನು ದಾಳಿಂಬೆ ಹೂವು ಎಂದೇ ಕರೆಯುತ್ತಾರೆ. ಹೆಣ್ಣು ಕೊಡುವವರು ಗಂಡಿನ ಮನೆಯ ಬಗ್ಗೆ ನಾಲ್ಕು ಕಡೆ ಕೇಳುವುದು ಇದ್ದದ್ದೇ. ರೊಟ್ಟಿ ಅಂಗಡಿಯವನನ್ನು ಕೇಳುತ್ತಾರೆ, ಮಸೀದಿಯ ಇಮಾಮರನ್ನು ಕೇಳುತ್ತಾರೆ, ಮೇಲಿನ ಮಹಡಿಯವರನ್ನು ಕೇಳುತ್ತಾರೆ. ತಾನು ಆಕೆಯನ್ನೇ ಕೇಳುತ್ತಿದ್ದೇನೆ, ಆಕೆಗೆ ಗೊತ್ತಾಗದ ಹಾಗೆ, ಅಷ್ಟೇ ವ್ಯತ್ಯಾಸ, ಎಂದು ರಾತಿಬ್ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಇವತ್ತು ಮಧ್ಯಾಹ್ನದ ನಂತರದ ನಮಾಜು ಮುಗಿಯುತ್ತಿದ್ದಂತೆ ಮಗನ ಹೆಸರಿನಿಂದಲೇ ಎಲ್ಲರೂ ಕರೆಯುವ ಆ ತಾಯಿ, ಉಮ್ಮ್ ಹೈತಮ್, ತನ್ನ ಅಕ್ಕನೊಂದಿಗೆ ಬರುವವಳಿದ್ದಳು. ಅಷ್ಟರೊಳಗೆ ಏನಾದರೂ ಗೊತ್ತಾಗಬೇಕಿತ್ತು.

‘ಕಾಲೆತ್ತಿ’ ಎಂದು ಇಬ್ತಿಸಾಮ್ ನೆಲ ಒರೆಸುವ ಕೋಲು ಹಿಡಿದು ಬಂದಳು. ರಾತಿಬ್ ಕಾಲೆತ್ತಿ, ಪರದೆಯ ಮೇಲೆ ಬೇರೆ ಪುಟ ಎಳೆದುಕೊಂಡ.

‘ಏನ್ರೀ ಓದ್ತಿದೀರ ಬೆಳಿಗ್ಗೆ ಬೆಳಿಗ್ಗೆ?’

‘ಕೆಲಸ.’

‘ಶುಕ್ರವಾರಾನೂ? ಯಾರ ತಾತನ ಹುಟ್ಟಿದ ದಿನ ತಪ್ಪಾಗಿದೆ ಇವತ್ತು?’

ಅದೊಂದು ಹಳೆಯ ಗಾಯ. ಪರಿಚಯದವರ ಮನೆಯ ಗೋಡೆಯ ಮೇಲೆ ಚಿನ್ನದ ಚೌಕಟ್ಟಿನಲ್ಲಿ ತೂಗುಹಾಕಿದ್ದ ವಂಶವೃಕ್ಷವನ್ನು ನೋಡಿ, ಅದರ ಬುಡದಲ್ಲಿರುವ ಇಬ್ಬರು ಮುತ್ತಾತಂದಿರು ಆ ಮನೆಯವರೇ ಅಲ್ಲವೆಂದು ಅವನು ಅನ್ನದ ತಟ್ಟೆ ಮುಂದಿಟ್ಟುಕೊಂಡೇ ಸಾಬೀತು ಮಾಡಿದ್ದ. ಆ ಮನೆಯಿಂದ ಮತ್ತೆ ಊಟದ ಕರೆ ಬರಲಿಲ್ಲ. ಇಬ್ತಿಸಾಮ್ ಅದನ್ನು ಮರೆಯಲೂ ಇಲ್ಲ, ಬೇರೆಯವರಿಗೆ ಮರೆಯಲು ಬಿಡಲೂ ಇಲ್ಲ. ಅವಳು ಆಚೆ ಹೋದ ಮೇಲೆ ರಾತಿಬ್ ದಾಳಿಂಬೆ ಹೂವಿನ ಬರಹಗಳನ್ನು ಹುಡುಕಿದ. ಎಲೆ ಸುರುಳಿ, ಬದನೆಕಾಯಿ ಉಪ್ಪಿನಕಾಯಿ, ಮಂಡಿನೋವಿಗೆ ಎಣ್ಣೆ. ಎಲ್ಲಕ್ಕಿಂತ ಮೇಲೆ ಈ ವಾರ ಬರೆದದ್ದು: ‘ಅಕ್ಕತಂಗಿಯರೇ, ಒಂದು ಮನೆಯವರ ಬಗ್ಗೆ ಕೇಳಬೇಕಿತ್ತು.’ ಒತ್ತಿದರೆ ಬರೀ ಒಂದು ಹಳದಿ ಪಟ್ಟಿ. ‘ಇದರ ಒಳಗಿರುವುದನ್ನು ನೋಡಬೇಕಾದರೆ ಮೊದಲು ಪ್ರತಿಕ್ರಿಯೆ ಬರೆಯಿರಿ.’ ಇದು ಅವನಿಗೆ ಗೊತ್ತಿದ್ದದ್ದೇ. ಅರಬ್ಬಿ ಚರ್ಚಾಕೂಟಗಳಲ್ಲೆಲ್ಲ ಇದೇ ಪದ್ಧತಿ, ಧನ್ಯವಾದ ಹೇಳದೆ ಯಾರೂ ಏನನ್ನೂ ತೋರಿಸುವುದಿಲ್ಲ. ಹಾಗಾಗಿ ಜನ ಒಳಗೇನಿದೆಯೆಂದು ಗೊತ್ತಿಲ್ಲದೆಯೇ ಹೊಗಳುತ್ತಾರೆ. ರಾತಿಬ್ ಎಲ್ಲರಂತೆಯೇ ಬರೆದ: ‘ದೇವರು ನಿನ್ನ ಕೈಗೆ ಆರೋಗ್ಯ ಕೊಡಲಿ ಅಕ್ಕ. ಎಂಥ ಚಂದದ ವಿಷಯ! ಇದರ ಬಗ್ಗೆ ಇನ್ನೂ ಹೆಚ್ಚು ಹೆಚ್ಚು ಬರೆಯುತ್ತಿರು.’ ಹಳದಿ ಪಟ್ಟಿ ಮಾಯವಾಯಿತು. ಒಳಗಿದ್ದದ್ದು ಅವನ ಮನೆ.

‘ಔಷಧಿ ಅಂಗಡಿಯಲ್ಲಿರೋ ರುಬಾ ಅನ್ನೋ ಹುಡುಗಿ, ತಾಯಿ ಇಬ್ತಿಸಾಮ್, ತಂದೆ ಗ್ರಂಥಾಲಯದ ರಾತಿಬ್. ಮಗ ಮನಸ್ಸು ಮಾಡಿದಾನೆ. ಗೊತ್ತಿದ್ದೋರು ದೇವರನ್ನ ನೆನೆಸಿಕೊಂಡು ನಿಜ ಹೇಳಿ.’ ಕೇಳುವುದಕ್ಕೆ ಎರಡು ಕಡೆಯಿದೆ ಎಂಬುದು ರಾತಿಬ್‌ಗೆ ಹೊಳೆದೇ ಇರಲಿಲ್ಲ. ಕೆಳಗೆ ಉತ್ತರಗಳು ಇಳಿದುಹೋಗಿದ್ದವು. ಹುಡುಗಿ ಚಿನ್ನ, ನಮ್ಮಮ್ಮನಿಗೆ ಸೂಜಿ ಚುಚ್ಚಿದರೆ ಚುಚ್ಚಿದ್ದೇ ಗೊತ್ತಾಗಲ್ಲ. ತಾಯಿ ಬಂಗಾರ, ಎಲ್ಲಿ ಕೂತರೆ ಅಲ್ಲಿ ನಗು. ಅಪ್ಪ? ಅಯ್ಯೋ, ಅಪ್ಪ! ‘ನಮ್ಮ ಚಿಕ್ಕಪ್ಪ ಸತ್ತಾಗ ಸಂತಾಪಕ್ಕೆ ಬಂದೋರು, ಪತ್ರಿಕೆಯಲ್ಲಿ ಹಾಕ್ಸಿದ ವಯಸ್ಸು ತಪ್ಪು ಅಂತ ಹೇಳಿ ಹೋದ್ರು.’ ‘ಅವರ ಎದುರಿಗೆ ಸೀನೋಕೂ ಹೆದರಿಕೆ, ಹಿಂದಿನ ಸಲ ಯಾವಾಗ ಸೀನಿದ್ವಿ ಅಂತ ಹುಡುಕಿಬಿಡ್ತಾರೆ.’ ನಗುವ ಮುಖಗಳ ಸಾಲು. ಅಡುಗೆಮನೆ ಕಿಟಕಿ ಎಂಬ ಹೆಸರಿನವಳೊಬ್ಬಳು ನಿಧಾನವಾಗಿ ಬರೆದಿದ್ದಳು: ‘ಆ ಮನುಷ್ಯ ನನಗೆ ಚೆನ್ನಾಗಿ ಗೊತ್ತು. ಪ್ರಪಂಚದಲ್ಲಿರೋದನ್ನೆಲ್ಲ ಅಗೆದು ತೆಗೀತಾರೆ. ಹೆಂಡತಿಗೆ ಇಷ್ಟ ಅಂತ ಪ್ರತಿ ವರ್ಷ ಅಜ್ಲೂನ್ ಬೆಟ್ಟದಿಂದ ಅಂಜೂರದ ಜಾಮ್ ಹೊತ್ಕೊಂಡು ಬರ್ತಾರೆ. ಅವಳಿಗೆ ಅಂಜೂರ ಕಂಡ್ರೆ ಆಗಲ್ಲ ಅನ್ನೋದೊಂದು ಇನ್ನೂ ಅವರ ಕೈಗೆ ಸಿಕ್ಕಿಲ್ಲ. ಆದ್ರೆ ಕೆಟ್ಟೋರಲ್ಲ ಅಕ್ಕ. ಅವರ ಬಾಯಿ ಅವರಿಗಿಂತ ಮುಂದೆ ಓಡುತ್ತೆ, ಅಷ್ಟೇ.’

ರಾತಿಬ್ ಆ ಸಾಲುಗಳನ್ನು ಮತ್ತೆ ಮತ್ತೆ ಓದಿದ. ಅತಿಥಿ ಕೋಣೆಯಲ್ಲಿ ದಿಂಬು ಬಡಿಯುವ ಸದ್ದು ನಿಂತಿತ್ತು. ಹಾಗಾದರೆ ಇಷ್ಟು ವರ್ಷ ಆ ಜಾಮ್ ತಿಂದವರು ಯಾರು? ಪ್ರತಿ ಬೆಳಿಗ್ಗೆ ಅವಳು ರೊಟ್ಟಿಗೆ ಸವರಿ ಅವನ ತಟ್ಟೆಗೆ ಹಾಕುತ್ತಿದ್ದದ್ದು ಕಣ್ಣ ಮುಂದೆ ಬಂತು. ಅವಳು ಇಟ್ಟುಕೊಳ್ಳದೆ ತನಗೇ ಕೊಡುತ್ತಾಳಲ್ಲ ಎಂದು ಅವನು ಎಷ್ಟೋ ಸಲ ಮನಸ್ಸು ತುಂಬಿ ನೋಡಿದ್ದ. ಅವನಿಗೆ ನಗು ಬಂತು. ಇಬ್ತಿಸಾಮ್ ಸುಳ್ಳು ಹೆಸರಿನಲ್ಲಿ ಕೂತು ಅವನ ಪರವಾಗಿ ವಾದಿಸುತ್ತಿದ್ದಾಳೆ, ಅದೂ ಅವನ ಬಗೆಗಿನ ಸತ್ಯವನ್ನೇ ಹೇಳಿ. ಕೊನೆಯಲ್ಲಿ, ಅವನ ಚಂದದ ಧನ್ಯವಾದಕ್ಕಿಂತ ಸ್ವಲ್ಪ ಮೇಲೆ, ಈ ಬೆಳಿಗ್ಗೆ ಉಮ್ಮ್ ಹೈತಮ್ ಬರೆದದ್ದಿತ್ತು: ‘ಇವತ್ತು ಹೋಗ್ತಿದೀನಿ. ಹುಡುಗಿ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರೆ ನಮ್ಮನೇಲಿ ಮುಚ್ಚಿಟ್ಟ ಒಂದು ಮಾತಿದೆ. ಮಗನ ತಪ್ಪಲ್ಲ, ನಾಚಿಕೆ ಎಲ್ಲ ನಂದು. ಈ ಮನುಷ್ಯ ಅದನ್ನ ಎತ್ತಿ ಹತ್ತು ಜನರ ಮುಂದೆ ಹರಡೋರಾದ್ರೆ, ಕಾಫಿ ಕುಡಿದು, ನಸೀಬಿಲ್ಲ ಅಂತ ಹೇಳಿ ಎದ್ದು ಬರ್ತೀನಿ. ಮಗ ಅತ್ರೂ ಸರಿ.’ ಅವನು ನೋಡುತ್ತಿದ್ದಂತೆಯೇ ಅದರ ಕೆಳಗೆ ಹೊಸ ಸಾಲೊಂದು ಮೂಡಿತು: ‘ಸ್ವಾಗತ, ತಂಗಿ ನೊಂದ ಗುಲಾಬಿ. ಚಂದದ ವಿಷಯ ಅಂದ್ಯಲ್ಲ, ನೀನೂ ಇರ್ಬಿದ್‌ನವಳೇ? ಆ ರಾತಿಬ್ ನಿನಗೆ ಗೊತ್ತಾ?’

ಅವನು ಉತ್ತರ ಬರೆಯಬೇಕಿತ್ತು. ಬರೆಯಲಿಲ್ಲ. ಕೈ ತಾನಾಗಿಯೇ ಬೇರೆ ಕಡೆ ಹೋಯಿತು. ಮುಚ್ಚಿಟ್ಟ ಮಾತು ಎಂದು ಓದಿದ ಮೇಲೆ ಸುಮ್ಮನಿರುವುದು ಅವನಿಗೆ ಆಗದ ಕೆಲಸ. ತುರಿಕೆಯ ಜಾಗ ಗೊತ್ತಾದ ಮೇಲೆ ಕೆರೆದುಕೊಳ್ಳದಿರುವುದು ಹೇಗೆ? ಹೈತಮ್ ಶಾಲೆಯ ಕೊನೆಯ ಪರೀಕ್ಷೆ ಬರೆಯುವ ವರ್ಷ ಅವನ ತಂದೆ ಲಿಬಿಯಾದಲ್ಲಿ ತೀರಿಕೊಂಡರೆಂದು ಆ ಮನೆಯವರು ಹೇಳುತ್ತಿದ್ದರು. ಗ್ರಂಥಾಲಯದವರು ಚಿತ್ರ ತೆಗೆದಿಟ್ಟ ಆ ವರ್ಷದ ಪತ್ರಿಕೆಗಳನ್ನು ಅವನು ಮನೆಯಿಂದಲೇ ನೋಡಬಲ್ಲವನಾಗಿದ್ದ. ಸಾವಿನ ಸುದ್ದಿಯ ಕಾಲಂಗಳಲ್ಲಿ ಆ ತಂದೆಯ ಹೆಸರಿರಲಿಲ್ಲ. ಸತ್ತವನಿಗೆ ಅಣ್ಣತಮ್ಮಂದಿರು, ಸೋದರಳಿಯಂದಿರು, ಬೀಗರು ಎಲ್ಲರ ಹೆಸರು ಹಾಕಿ ಒಂದು ಪ್ರಕಟಣೆಯೂ ಇಲ್ಲದೆ ಈ ಊರಿನಲ್ಲಿ ಯಾರೂ ಸಾಯುವುದಿಲ್ಲ. ಇಲ್ಲದ್ದು ಸಿಕ್ಕಿದರೆ ರಾತಿಬ್‌ಗೆ ಇದ್ದದ್ದು ಸಿಕ್ಕಿದಷ್ಟೇ ಹುರುಪು. ಮುಂದಿನ ವರ್ಷದ ಪುಟಗಳನ್ನು ತಿರುವುತ್ತ ಹೋದ. ವಾಹನದ ಜಾಹೀರಾತು, ಕಳೆದುಹೋದ ಪಾಸ್‌ಪೋರ್ಟು, ಅವುಗಳ ನಡುವೆ ಸಣ್ಣ ಅಕ್ಷರದಲ್ಲಿ, ಅದೇ ತಂದೆಯ ಹೆಸರಿಗೆ, ಶರಿಯಾ ನ್ಯಾಯಾಲಯದ ಕರೆ. ವಾಸಸ್ಥಳ ಗೊತ್ತಿಲ್ಲದ ಇಂಥವನಿಗೆ, ಕೊನೆಗೆ ತಿಳಿದ ವಿಳಾಸ ಇದೇ ದೇಶದ ಜರ್ಕಾ ಪಟ್ಟಣ. ನಿನ್ನ ಹೆಂಡತಿ, ನೀನು ಬಿಟ್ಟುಹೋದ ಕಾರಣಕ್ಕೆ ಬಿಡುಗಡೆ ಕೇಳಿದ್ದಾಳೆ, ಹಾಜರಾಗತಕ್ಕದ್ದು.

ಸಂತೋಷವೇ ಮೊದಲು ಬಂತು. ಅದು ಅವನ ಸ್ವಭಾವ, ಏನು ಮಾಡುವುದು. ಬೆರಳ ತುದಿಯಲ್ಲಿ ಆ ಹಳೆಯ ಝುಮ್ಮೆನ್ನುವಿಕೆ, ಕೊಡ ಕೊಕ್ಕೆಗೆ ಸಿಕ್ಕಿದ ಭಾರ. ನಾಚಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು, ಆದರೆ ಬಂದದ್ದು ಹೋಗಲಿಲ್ಲ. ಒಬ್ಬ ಹೆಂಗಸು ಆ ಮಾತುಗಳನ್ನು ಕಾಗದದ ಮೇಲೆ ಹಿಡಿದುಕೊಂಡು ಪತ್ರಿಕೆಯ ಕಚೇರಿಗೆ ಹೋಗಿರಬೇಕು. ಕೌಂಟರಿನವನು ಗಟ್ಟಿಯಾಗಿ ಓದಿ ಪದ ಎಣಿಸಿರಬೇಕು. ಮಾರನೆಯ ದಿನ ಬೆಳಿಗ್ಗೆ ಅಕ್ಕಪಕ್ಕದವರು ಆ ಪುಟ ತಿರುವದಿರಲಿ ಎಂದು ಆಕೆ ದೇವರಲ್ಲಿ ಬೇಡಿಕೊಂಡಿರಬೇಕು. ಯಾರೂ ತಿರುವಲಿಲ್ಲ. ಯಂತ್ರಗಳೂ ತಿರುವಲಿಲ್ಲ. ಇಷ್ಟು ವರ್ಷದ ಮೇಲೆ ತಿರುವಿದವನು ತಾನು, ಆಕೆಯ ಮಗನಿಗೆ ಮಾವನಾಗಬೇಕಾದವನು, ನೊಂದ ಗುಲಾಬಿ. ಇರಲಿ, ಆದರೆ ರುಬಾ? ಬದುಕಿದ್ದವನನ್ನು ಸತ್ತನೆಂದು ಹೇಳುವ ಮನೆಗೆ ಮಗಳನ್ನು ಕೊಡುವುದೇ? ಅವನು ಎದ್ದು ಅವಳ ಕೋಣೆಯ ಬಾಗಿಲಲ್ಲಿ ನಿಂತ. ರುಬಾ ಕನ್ನಡಿಯ ಮುಂದೆ ಕೂದಲು ಒಣಗಿಸುತ್ತಿದ್ದಳು.

‘ಹೈತಮ್‌ನ ಅಪ್ಪ...’ ಎಂದ.

ಅವಳು ಕನ್ನಡಿಯಲ್ಲೇ ಅವನನ್ನು ನೋಡಿದಳು. ಆ ನೋಟದಲ್ಲಿ ಹೆದರಿಕೆಯಿತ್ತು. ಮಗಳು ತನಗೆ ಹೆದರುತ್ತಾಳೆಂಬುದು ಅವನಿಗೆ ಅಷ್ಟು ಸ್ಪಷ್ಟವಾಗಿ ಯಾವತ್ತೂ ಕಂಡಿರಲಿಲ್ಲ.

‘ಬಾಬಾ, ಹೈತಮ್ ನನ್ನ ಹತ್ರ ಎಲ್ಲಾ ಹೇಳಿದಾನೆ. ಎಲ್ಲಾ ಅಂದ್ರೆ ಎಲ್ಲಾ. ಅವನ ಅಮ್ಮ ಬಾಯಿ ಬಿಟ್ಟು ಹೇಳೋ ತನಕ ನಾವು ಗೊತ್ತಿಲ್ಲದ ಹಾಗಿರ್ಬೇಕು, ಅಷ್ಟೇ ಅವನು ಕೇಳ್ಕೊಂಡಿರೋದು. ಅದು ನಿಮ್ಮ ಕೈಲಾಗುತ್ತಾ?’

‘ನಾನು ಅವರ ಹೆಸರೇನು ಅಂತ ಕೇಳೋಕೆ ಬಂದೆ’ ಎಂದ ರಾತಿಬ್. ಅವಳು ನಂಬಲಿಲ್ಲ.

ಜುಮಾ ನಮಾಜಿಗೆ ಹೋಗಿ ಬಂದರೂ ಇಮಾಮರು ಹೇಳಿದ್ದರಲ್ಲಿ ಒಂದು ಅಕ್ಷರ ತಲೆಗೆ ಹೋಗಲಿಲ್ಲ. ತಿರುಗಿ ಕಂಪ್ಯೂಟರಿನ ಮುಂದೆ ಕೂತ. ಆ ರಾತಿಬ್ ನಿನಗೆ ಗೊತ್ತಾ? ಒಳ್ಳೆಯ ಮನುಷ್ಯ, ಎಂದು ಬರೆದ. ಅಳಿಸಿದ. ಆಧಾರವಿಲ್ಲದ ಮಾತು, ಬೇರೆ ಯಾರಾದರೂ ಬರೆದಿದ್ದರೆ ಅವನೇ ಮೂಲ ಎಲ್ಲಿ ಎಂದು ಕೇಳುತ್ತಿದ್ದ. ಅಗೆಯುವುದನ್ನು ಬಿಟ್ಟಿದ್ದಾನೆ, ಎಂದು ಬರೆದ. ಅದು ಶುದ್ಧ ಸುಳ್ಳು, ಉಗುರಿನಲ್ಲಿ ಇನ್ನೂ ಮಣ್ಣಿತ್ತು. ಊರಿನವರ ಮುತ್ತಾತಂದಿರ ವಿಷಯದಲ್ಲಿ ಇಷ್ಟು ಖಚಿತವಾಗಿದ್ದವನಿಗೆ ತನ್ನ ಬಗ್ಗೆ ಎರಡು ಸಾಲು ಬರೆಯಲು ಬರುತ್ತಿಲ್ಲ. ಎಲ್ಲಿ ಹುಡುಕಲಿ? ಯಾವ ಪೆಟ್ಟಿಗೆಯಲ್ಲಿ ಯಾವ ಹೆಸರು ತುಂಬಲಿ? ಕಡೆಗೆ ಬರೆದದ್ದು ಇಷ್ಟು: ‘ಗೊತ್ತು ಅಕ್ಕ. ಅವನು ಹುಡುಕುತ್ತಾನೆ, ಸಾಯುವ ತನಕ ಬಿಡುವುದಿಲ್ಲ. ನಿಮ್ಮ ಮನೆಯ ಮುಚ್ಚಿಟ್ಟ ಮಾತನ್ನೂ ಹುಡುಕದೆ ಬಿಟ್ಟಿರಲಾರ. ಸಿಕ್ಕಿದ್ದನ್ನು ಹೇಳಿಬಿಡುವ ಚಟ ಅದಕ್ಕಿಂತ ದೊಡ್ಡದು, ಅದರಿಂದ ಮಗಳ ಒಂದು ಸಂಬಂಧ ಕೆಡಿಸಿದ್ದಾನೆ. ಈ ಸಲ ಬಾಯಿ ಮುಚ್ಚಿಕೊಂಡಿರುತ್ತಾನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಮಗಳೆಂದರೆ ಪ್ರಾಣ, ಅದು ಮಾತ್ರ ಗೊತ್ತು.’ ಕಳಿಸಿ, ಹಣೆಯ ಬೆವರು ಒರೆಸಿಕೊಂಡ. ಆಮೇಲೆ, ತಡೆಯಲಾರದೆ, ಅಲ್ಲೇ ಇನ್ನೊಂದು ಕಡೆ ಮಂಡಿನೋವಿನ ಎಣ್ಣೆಯ ಬಗ್ಗೆ ಯಾರೋ ಬರೆದಿದ್ದ ತಪ್ಪನ್ನು ಎರಡು ಗ್ರಂಥಗಳ ಹೆಸರು ಕೊಟ್ಟು ತಿದ್ದಿದ.

ಸ್ವಲ್ಪ ಹೊತ್ತಿನ ಮೇಲೆ ಇಸ್ತ್ರಿ ಮಾಡಿದ ಅಂಗಿ ಹಿಡಿದುಕೊಂಡು ಇಬ್ತಿಸಾಮ್ ಬಂದಳು. ಅಂಗಿ ಕೊಟ್ಟವಳು ಹೋಗಲಿಲ್ಲ.

‘ಯಾವ ನೊಂದ ಗುಲಾಬಿ ರೀ ಮಂಡಿನೋವಿಗೆ ಪುಸ್ತಕದ ಹೆಸರು, ಪುಟ ಎಲ್ಲಾ ಕೊಡುತ್ತೆ?’

ರಾತಿಬ್ ಗುಂಡಿ ಹಾಕಿಕೊಳ್ಳುವುದರಲ್ಲಿ ಮಗ್ನನಾದ. ‘ನಿನಗೆ ಅಂಜೂರ ಆಗಲ್ಲ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?’

‘ನೀವು ಒಂದು ಮಾತು ಕೇಳ್ಬಾರ್ದಿತ್ತಾ?’ ಎಂದು ಅವಳು, ಅವನು ತಪ್ಪಾಗಿ ಹಾಕಿಕೊಂಡಿದ್ದ ಗುಂಡಿಯನ್ನು ಬಿಚ್ಚಿ ಸರಿಯಾಗಿ ಹಾಕಿದಳು. ‘ನನಗೇ ಗೊತ್ತಾದ ಮೇಲೆ ಆಕೆಗೆ ಗೊತ್ತಾಗ್ದೆ ಇರುತ್ತಾ? ಬರ್ತಾಳೋ ಇಲ್ವೋ ದೇವರೇ ಬಲ್ಲ. ಬಂದ್ರೆ, ನಿಮ್ಮ ದಮ್ಮಯ್ಯ, ತಿನ್ನೋದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆಗೀಬೇಡಿ.’

ಬಂದಳು. ಗಟ್ಟಿಮುಟ್ಟಾದ ಹೆಂಗಸು, ಬಿಳಿಯ ತಲೆವಸ್ತ್ರ, ಹಿಂದೆಯೇ ಅಕ್ಕ. ದೇವರ ದಯೆ, ಮಕ್ಕಳ ಆರೋಗ್ಯ, ಈ ಸಲದ ಚಳಿ, ಎಲ್ಲ ಆಯಿತು. ಅಕ್ಕ ಒಂದಾದ ಮೇಲೊಂದು ಖರ್ಜೂರದ ಬಿಸ್ಕತ್ತು ತೆಗೆದುಕೊಳ್ಳುತ್ತ ಗೋಡೆ, ಪರದೆ, ರುಬಾಳ ನಡಿಗೆ ಎಲ್ಲವನ್ನೂ ಅಳೆಯುತ್ತಿದ್ದಳು. ಉಮ್ಮ್ ಹೈತಮ್ ಮಾತ್ರ ರಾತಿಬ್‌ನನ್ನೇ ನೋಡುತ್ತಿದ್ದಳು, ಅಂಗಡಿಯಲ್ಲಿ ಕಲ್ಲಂಗಡಿಯನ್ನು ತಟ್ಟಿ ನೋಡುವ ಮೊದಲು ನೋಡುವ ಹಾಗೆ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು.

‘ಹೈತಮ್‌ನ ಅಪ್ಪ ಲಿಬಿಯಾಕ್ಕೆ ಕೆಲಸಕ್ಕೆ ಅಂತ ಹೋದ್ರು. ಹುಡುಗ ಪರೀಕ್ಷೆ ಬರೆಯೋ ವರ್ಷ ಅಲ್ಲೇ ತೀರ್ಕೊಂಡ್ರು. ಪತ್ರಿಕೆಯಲ್ಲೆಲ್ಲಾ ಬಂದಿತ್ತು.’

ಕಾಫಿಯ ತಟ್ಟೆ ಹಿಡಿದ ರುಬಾ ಬಾಗಿಲಲ್ಲೇ ನಿಂತಳು. ಇಬ್ತಿಸಾಮ್ ತನ್ನ ಕೈಬಳೆಯನ್ನು ನೋಡತೊಡಗಿದಳು. ಪತ್ರಿಕೆಯಲ್ಲಿ ಬಂದಿರಲಿಲ್ಲ. ಬಂದದ್ದು ಬೇರೆ. ವರ್ಷ, ಪುಟ, ಎಡಗಡೆಯ ಕಾಲಂ, ಅದರ ಮೇಲಿನ ಜಾಹೀರಾತು, ಎಲ್ಲ ರಾತಿಬ್‌ನ ನಾಲಿಗೆಯ ತುದಿಗೆ ಬಂದು ಕೂತವು. ತಪ್ಪೊಂದು ತನ್ನೆದುರಿಗೇ ಕಾಲ ಮೇಲೆ ಕಾಲು ಹಾಕಿ ಕೂತಿದೆ, ತಾನು ಸುಮ್ಮನಿದ್ದೇನೆ. ಅವನಿಗೆ ಮೈಯೆಲ್ಲ ನೋವಾಯಿತು. ಈ ಮಾತಿಗೆ ಮನುಷ್ಯರು ಏನು ಹೇಳುತ್ತಾರೋ ಅದನ್ನೇ ಹೇಳಬೇಕಿತ್ತು.

‘ದೇವರು ಅವರ ಮೇಲೆ ಕರುಣೆ ತೋರಲಿ’ ಎಂದ. ಸಾಲದೆಂದು ತೋರಿ, ‘ಅವರ ಜಾಗ ಸ್ವರ್ಗದಲ್ಲಿರಲಿ’ ಎಂದೂ ಸೇರಿಸಿದ.

ಅಕ್ಕನ ಬಿಸ್ಕತ್ತು ಅರ್ಧದಾರಿಯಲ್ಲಿ ನಿಂತಿತು. ಉಮ್ಮ್ ಹೈತಮ್‌ಳ ತುಟಿಯ ಅಂಚಿನಲ್ಲಿ ಏನೋ ಮೂಡಿ ಹೋಯಿತು, ನಗುವೋ ಅಳುವೋ ತಿಳಿಯಲಿಲ್ಲ. ಆಕೆ ಅವನ ಕಡೆಗೆ ಬಾಗಿದಳು.

‘ಅವರು ಸತ್ತಿಲ್ಲ, ಅಬು ರುಬಾ’ ಎಂದಳು, ದನಿ ತಗ್ಗಿಸಿ. ‘ನಮ್ಮನ್ನ ಬಿಟ್ಟು ಹೋದ್ರು.’

‘ಹೌದಾ?’ ಎಂದ ರಾತಿಬ್.

ಅವನ ಬಾಯಿಂದ ಆ ಮಾತನ್ನು ಇಬ್ತಿಸಾಮ್ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಉಮ್ಮ್ ಹೈತಮ್ ತಲೆವಸ್ತ್ರದ ತುದಿಯಿಂದ ಕಣ್ಣೊತ್ತಿಕೊಂಡು, ಸೋಫಾದಲ್ಲಿ ಹಿಂದಕ್ಕೆ ಒರಗಿ, ರುಬಾಳ ಕೈಯಿಂದ ಕಾಫಿ ತೆಗೆದುಕೊಂಡು, ಮೊದಲಿನಿಂದ ಹೇಳಲು ಶುರುಮಾಡಿದಳು. ವರ್ಷವನ್ನು ತಪ್ಪು ಹೇಳಿದಳು. ರಾತಿಬ್ ತಲೆಯಾಡಿಸುತ್ತ ಕೇಳಿಸಿಕೊಂಡ.